ಗುರಿಯ ಎದುರಿಗೆ ಒಬ್ಬರ ಹೆಸರಿರಲಿ

ಸಂಘದ ವಾರ್ಷಿಕ ಸಭೆ ಹತ್ತಿರ ಬರುತ್ತಿರುವುದರಿಂದ ಶಿರಸಿ ಭಾಗದ ಸಹಕಾರಿ ಬಂಧುಗಳಲ್ಲಿ ಒಂದು ವಿನಂತಿ. ‘ಸದಸ್ಯರ ಸರ್ವಾಂಗೀಣ ಅಭಿವೃದ್ಧಿ’ ಎಂಬ ಗುರಿಯನ್ನು ಈ ವರ್ಷ ದಯವಿಟ್ಟು ಕೈಬಿಡಿ. ಅದು ಈಡೇರಿತೇ ಇಲ್ಲವೇ ಎಂದು ಯಾರೂ ಹೇಳಲಾರರು. ಸ್ಪಷ್ಟ ಗುರಿಗೆ ಹೆಸರಿಟ್ಟ ಹೊಣೆಗಾರರಿದ್ದರೆ ಏನಾಗುತ್ತದೆ ಎಂಬುದಕ್ಕೆ ಕೊಂಕಣ ರೈಲ್ವೆಯನ್ನು ನೋಡಿ. 1990ರಲ್ಲಿ ಸ್ಥಾಪನೆಯಾದ ಕೊಂಕಣ ರೈಲ್ವೆ ನಿಗಮವು, ಇ. ಶ್ರೀಧರನ್ ಅವರ ನೇತೃತ್ವದಲ್ಲಿ, ಮಹಾರಾಷ್ಟ್ರದ ರೋಹಾದಿಂದ ಮಂಗಳೂರಿನವರೆಗಿನ ಮಾರ್ಗವನ್ನು ಏಳು ವಿಭಾಗಗಳಾಗಿ ಹಂಚಿ, ಒಂದೊಂದಕ್ಕೂ ಒಬ್ಬೊಬ್ಬ ಮುಖ್ಯ ಎಂಜಿನಿಯರರನ್ನು ಹೊಣೆಗಾರರನ್ನಾಗಿ ಮಾಡಿತು. ನಮ್ಮ ಕಾರವಾರವೂ ಅವುಗಳಲ್ಲೊಂದು. ಹೊನ್ನಾವರದಲ್ಲಿ ಶರಾವತಿಗೆ ಎರಡು ಕಿಲೋಮೀಟರಿಗೂ ಮಿಕ್ಕಿದ ಸೇತುವೆ ಎದ್ದಿತು, 1998ರ ಜನವರಿಯಲ್ಲಿ ಇಡೀ ಮಾರ್ಗ ತೆರೆಯಿತು. ನಾವೂ ಠರಾವು ಪುಸ್ತಕದಲ್ಲಿ ‘ಮುಂದಿನ ಮಳೆಗಾಲದೊಳಗೆ ಅಡಿಕೆ ಒಣಗಿಸುವ ಶೆಡ್’ ಎಂದು ಬರೆದು, ಎದುರಿಗೆ ಒಬ್ಬರ ಹೆಸರನ್ನೂ ಅವರೇ ಖರ್ಚು ಮಾಡಬಹುದಾದ ಮೊತ್ತವನ್ನೂ ನಮೂದಿಸೋಣ. ಈ ಮೊತ್ತವೇ ಮುಖ್ಯ, ಏಕೆಂದರೆ ಹೊಣೆಯನ್ನಷ್ಟೇ ಹೊರಿಸಿದರೆ ಅವರು ಪ್ರತಿ ತಗಡಿನ ಬಿಲ್ಲಿಗೂ ಅಧ್ಯಕ್ಷರ ಸಹಿಗಾಗಿ ಕಾಯುತ್ತಾ ಕೂರಬೇಕಾಗುತ್ತದೆ.