ಡಚ್ ಹೂಳೆತ್ತುವ ಗುತ್ತಿಗೆದಾರರ ಸಹಕಾರದ ಇತಿಹಾಸವನ್ನು ಅಭ್ಯಾಸ ಮಾಡುವ ಬಗೆ

ಕಡಲಿನಿಂದ ನೆಲ ಪಡೆದ ನೆದರ್ಲೆಂಡ್ಸಿನ ಕಥೆಯನ್ನು ಅಭ್ಯಾಸ ಮಾಡುವವರು ಮೊದಲು ಕಂಪನಿಗಳ ಹೆಸರುಗಳನ್ನು ಬದಿಗಿಟ್ಟು ಕಾಮಗಾರಿಯ ಗಾತ್ರವನ್ನು ಗಮನಿಸಬೇಕು, ಏಕೆಂದರೆ ಗುತ್ತಿಗೆದಾರರು ಒಂದಾಗಲು ಮುಖ್ಯ ಕಾರಣ ಅಲ್ಲಿಯೇ ಇದೆ.

ದೇಶದೊಳಗೆ ಚಾಚಿದ್ದ ಝೌಡರ್‌ಝೀ ಎಂಬ ಕಡಲಕೊಲ್ಲಿಯನ್ನು ಒಡ್ಡಿನಿಂದ ಮುಚ್ಚಿ ನೆಲ ಪಡೆಯುವ ಯೋಜನೆಯಿಂದ ಆರಂಭಿಸಿರಿ. 1916ರ ಪ್ರವಾಹದ ನಂತರ, 1918ರಲ್ಲಿ ಇದಕ್ಕೆ ಕಾನೂನು ಬಂತು. ಸುಮಾರು 32 ಕಿಲೋಮೀಟರ್ ಉದ್ದದ ಅಫ್ಸ್‌ಲೌಟ್‌ಡೈಕ್ ಒಡ್ಡಿಗೆ ಬೇಕಾದಷ್ಟು ಹೂಳೆತ್ತುವ ಹಡಗು, ದೋಣಿ ಮತ್ತು ಕಾರ್ಮಿಕರನ್ನು ಒಬ್ಬನೇ ಗುತ್ತಿಗೆದಾರ ಒದಗಿಸುವುದು ಕಷ್ಟವಾಗಿದ್ದುದರಿಂದ, ದೇಶದ ದೊಡ್ಡ ಕಂಪನಿಗಳು 'ಎಂಯುಝಡ್' (ಝೌಡರ್‌ಝೀ ಕಾಮಗಾರಿ ನಡೆಸುವ ಕಂಪನಿ ಎಂಬುದರ ಡಚ್ ಹ್ರಸ್ವರೂಪ) ಎಂಬ ಒಕ್ಕೂಟವನ್ನು ಕಟ್ಟಿಕೊಂಡವು. ಒಡ್ಡಿನ ಕೊನೆಯ ತೆರಪು 1932ರ ಮೇ 28ರಂದು ಮುಚ್ಚಿತು. ಸಮುದ್ರತಳದಿಂದ ತೆಗೆದ ಗಟ್ಟಿ ಜೇಡಿಮಣ್ಣು ಹಾಗೂ ತಳಕ್ಕೆ ಹಾಸಿದ ಕಡ್ಡಿಯ ಚಾಪೆಗಳ ಬಗ್ಗೆ ತಪ್ಪದೆ ಓದಿರಿ. ನನ್ನ ಮಟ್ಟಿಗೆ ಈ ಇತಿಹಾಸದ ಜೀವ ಅಲ್ಲಿದೆ.

ಮುಂದೆ ನೆಲ ಪಡೆಯುವ ಎರಡು ವಿಧಾನಗಳನ್ನು ಬೇರ್ಪಡಿಸಿಕೊಳ್ಳಿರಿ. ಝೌಡರ್‌ಝೀಯ ಭಾಗವಾಗಿದ್ದ ವೀರಿಂಗರ್‌ಮೇರ್‌ನಲ್ಲಿ ಒಡ್ಡು ಕಟ್ಟಿ, ಒಳಗಿನ ನೀರನ್ನು ಪಂಪುಗಳಿಂದ ಹೊರಹಾಕಿ, 1930ರಲ್ಲಿ ನೆಲವನ್ನು ಒಣಗಿಸಲಾಯಿತು. ರಾಟರ್‌ಡ್ಯಾಮ್ ಬಂದರನ್ನು ಕಡಲಿನೊಳಕ್ಕೆ ವಿಸ್ತರಿಸಿದ ಎರಡನೆಯ ಮಾಸ್‌ವ್ಲಾಕ್ಟೆ ಎಂಬ ಭಾಗದಲ್ಲಾದರೋ ಹಡಗುಗಳು ಉತ್ತರ ಸಮುದ್ರದ ತಳದ ಮರಳನ್ನು ಹೀರಿ ತಂದು ಸುರಿದವು. ಅಲ್ಲಿ ಬೊಸ್ಕಾಲಿಸ್ ಮತ್ತು ವಾನ್ ಓರ್ಡ್ ಎಂಬ ಎರಡು ಡಚ್ ಹೂಳೆತ್ತುವ ಕಂಪನಿಗಳು 'ಪ್ಯೂಮಾ' ಎಂಬ ಜಂಟಿ ಸಂಸ್ಥೆಯಾಗಿ 2008ರಿಂದ ದುಡಿದವು. ಮೊದಲ ಹಂತಕ್ಕೆ ಸುಮಾರು 24 ಕೋಟಿ ಘನ ಮೀಟರ್ ಮರಳು ಬೇಕಾಯಿತು.

ಕೊನೆಯದಾಗಿ, ಪ್ರತಿ ಕಾಮಗಾರಿಗೂ ಹಣ ಕೊಟ್ಟವರು ಯಾರು, ನಷ್ಟದ ಹೊಣೆ ಹೇಗೆ ಹಂಚಿಕೆಯಾಯಿತು ಎಂಬುದನ್ನು ಟಿಪ್ಪಣಿ ಮಾಡಿಕೊಳ್ಳಿರಿ. ಟೆಂಡರಿನಲ್ಲಿ ಎದುರಾಳಿಗಳಾದವರೇ ಇಲ್ಲಿ ಪಾಲುದಾರರಾಗಿದ್ದಾರೆ.