ಹೆಬ್ಬಲಸಿನ ಸೀಳೆಲೆ, ಹೆಬ್ಬಲಸಿನ ಇಡಿ ಎಲೆ: ಗಿಡ ಬೆಳೆಸಿದ ನನ್ನ ಅನುಭವ

ಉಡುಪಿಯ ಹಿರಿಯಡ್ಕದ ಕಡೆ ನಮ್ಮ ಗುಡ್ಡೆಯಲ್ಲಿ ಹಲಸಿನ ಕುಲದ ಕಾಡುಮರವಾದ ಹೆಬ್ಬಲಸಿನ ಗಿಡ ಮಾಡತೊಡಗಿದ ಮೇಲೆ ನಾನು ಪದೇ ಪದೇ ಕೇಳಿದ ಮಾತು, “ಇಷ್ಟೊಂದು ಜೀಗುಜ್ಜೆ ಯಾಕೆ ನೆಟ್ಟಿದ್ದೀರಿ?” ಜೀಗುಜ್ಜೆ ಎಂದರೆ ದೀವಿಹಲಸು, ಅದರದ್ದೂ ಸೀಳೆಲೆಯೇ. ಕೇಳಿದವರನ್ನು ದೂರುವಂತಿಲ್ಲ. ತುಳುವಿನಲ್ಲಿ ಪೆಜ ಎನ್ನುವ ಈ ಮರದ ಹಣ್ಣು ತಿಂದೇ ಬೆಳೆದವರಿಗೂ ಅದರ ಎಳೆಗಿಡದ ಗುರುತಿರುವುದಿಲ್ಲ. ದೊಡ್ಡ ಮರದ ಎಲೆ ಹೆಚ್ಚುಕಡಿಮೆ ಒಂದು ಗೇಣು, ಸೀಳಿಲ್ಲದ ಅಂಡಾಕಾರ. ಗಿಡದ ಎಲೆಯಾದರೋ ಮೊಳದುದ್ದಕ್ಕೂ ಬೆಳೆಯುತ್ತದೆ, ಎರಡೂ ಬದಿಯಲ್ಲಿ ನಡುನರದ ಹತ್ತಿರದವರೆಗೆ ಸೀಳಿರುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟರೆ ಒಂದೇ ಜಾತಿಯವೆಂದು ನಂಬುವುದು ಕಷ್ಟ.

ಈ ಗೊಂದಲದಿಂದ ನಷ್ಟ ಗಿಡಕ್ಕೇ. ಗುಡ್ಡೆಯಲ್ಲಿ ತಾನಾಗಿ ಹುಟ್ಟಿದ ಹೆಬ್ಬಲಸು ಹುಲ್ಲು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಹೋಗುತ್ತದೆ. ನಾನು ಕೆಲಸಕ್ಕೆ ಬರುವವರಿಗೆ ಕೈಯಿಂದ ಮುಟ್ಟಿ ನೋಡಲು ಹೇಳಿಕೊಟ್ಟಿದ್ದೇನೆ. ಹಾಲು ಒಸರುವುದನ್ನು ಗುರುತಾಗಿ ಹಿಡಿದು ಪ್ರಯೋಜನವಿಲ್ಲ. ಹಲಸು, ಜೀಗುಜ್ಜೆ, ಹೆಬ್ಬಲಸು ಮೂರಕ್ಕೂ ಬಿಳಿ ಹಾಲಿದೆ. ಜೀಗುಜ್ಜೆಯ ಎಲೆಯ ಮೇಲ್ಮೈ ದಪ್ಪ, ಹೊಳಪು. ಹೆಬ್ಬಲಸಿನ ಎಲೆ ಒರಟು. ಎಳೆ ಕಾಂಡದ ಮೇಲೆ ಕಂದು ಬಣ್ಣದ ಬಿರುಸು ರೋಮ ಬೆರಳಿಗೆ ತಾಗುತ್ತದೆ. ಹಲಸಿನ ಎಳೆಗಿಡದಲ್ಲೂ ಸೀಳು ಬರುವುದುಂಟು, ಆದರೆ ಅಷ್ಟು ಆಳವಲ್ಲ, ರೋಮವೂ ಹೀಗೆ ದಟ್ಟವಲ್ಲ. ನಮ್ಮಲ್ಲಿಯ ಜೀಗುಜ್ಜೆಗೆ ಬೀಜವಿಲ್ಲ, ಅದು ಬೇರಿನಿಂದ ಏಳುವ ಗಿಡ. ತಾಯಿಮರವೇ ಹತ್ತಿರವಿಲ್ಲದ ಗುಡ್ಡೆಯಲ್ಲಿ ಅದು ಹುಟ್ಟುವುದಾದರೂ ಹೇಗೆ?

ಬೀಜ ಸಿಗುವುದು ಸೆಕೆಗಾಲದ ಕೊನೆಗೆ. ಹಲಸಿನಂತೆ ಕಾಂಡದಲ್ಲಿ ಕಾಯಿ ಬಿಡುವ ಮರವಲ್ಲ ಇದು. ಹಣ್ಣಿರುವುದು ಕೊಂಬೆಗಳ ತುದಿಯಲ್ಲಿ, ಅದೂ ಏಣಿಗೆ ಎಟುಕದ ಎತ್ತರದಲ್ಲಿ. ಕಾಡಿನಲ್ಲಿ 30 ಮೀಟರ್ ಮೀರಿ ಬೆಳೆಯುವ ಮರ. ಬಾವಲಿ, ಮಂಗಗಳು ಉದುರಿಸಿದ್ದನ್ನು ಬೆಳಿಗ್ಗೆ ಬೇಗ ಹೋಗಿ ಆರಿಸುತ್ತೇನೆ. ತೊಳೆ ಬಿಡಿಸಿ, ಬೀಜವನ್ನು ತೊಳೆದು ಆ ದಿನವೇ ಬಿತ್ತಬೇಕು. ಮುಂದಿನ ವರ್ಷಕ್ಕಾಗಲಿ ಎಂದು ಭತ್ತದಂತೆ ಒಣಗಿಸಿಟ್ಟರೆ ಬೀಜ ಸತ್ತೇ ಹೋಗುತ್ತದೆ. ಹುರಿದರೆ ತಿನ್ನಲು ಬಲು ರುಚಿ, ಹಾಗಾಗಿ ಅಡುಗೆಮನೆಯವರ ಕಣ್ಣು ತಪ್ಪಿಸಿ ಬಿತ್ತುವ ಚಾಕಚಕ್ಯವೂ ಬೇಕು. ಮಣ್ಣು, ಮರಳು, ಹಳೆ ಹಟ್ಟಿಗೊಬ್ಬರ ಬೆರೆಸಿ ಉದ್ದನೆಯ ಪ್ಲಾಸ್ಟಿಕ್ ತೊಟ್ಟೆಗೆ (ಚೀಲಕ್ಕೆ) ತುಂಬುತ್ತೇನೆ, ತಾಯಿಬೇರು ಮಡಚಿಕೊಳ್ಳಬಾರದು. ಇಲಿಗಳಿಗೆ ಮೇಲೊಂದು ಬಲೆ. ಮರುವರ್ಷದ ಮಳೆ ಹಿಡಿದ ಮೇಲೆ ಗುಡ್ಡೆಗೆ ಒಯ್ಯುತ್ತೇನೆ. ಅಷ್ಟೇ.

ನೋಡಲು ಸೊಗಸಿರುವುದು ಎಲೆ ಬದಲಾಗುವ ಹೊತ್ತು. ವರ್ಷಗಟ್ಟಲೆ ಸೀಳೆಲೆಯನ್ನೇ ಬಿಟ್ಟ ಗಿಡ ಎತ್ತರವಾದಂತೆ ಮೇಲಿನ ಎಲೆಗಳ ಸೀಳು ಆಳ ಕಳೆದುಕೊಳ್ಳುತ್ತದೆ. ನಮ್ಮ ಬಾವಿಕಟ್ಟೆಯ ಬಳಿಯ ಗಿಡದಲ್ಲಿ ಒಂದು ಎಲೆ ಹೀಗಿತ್ತು: ಎಡಬದಿಯಲ್ಲಿ ಹೆಬ್ಬೆರಳಿನಂತೆ ಹೊರಚಾಚಿದ ಒಂದೇ ಒಂದು ಹಾಲೆ, ಬಲಬದಿಯ ಅಂಚು ಪೂರ್ತಿ ನಯ. ಅದರ ಮೇಲಿನ ಎಲೆಯಲ್ಲಿ ಸೀಳೇ ಇರಲಿಲ್ಲ. ಹಾಗೆಂದು ಮರ ಹಳೆಯ ರೂಪವನ್ನು ಮರೆಯುವುದಿಲ್ಲ. ಮುದಿಮರವನ್ನು ಕಡಿದ ಬೊಡ್ಡೆ ಚಿಗುರಿದರೆ ಬರುವುದು ಮತ್ತೆ ಸೀಳೆಲೆಯೇ. ವರ್ಷದ ಲೆಕ್ಕದಲ್ಲಿ ಬುಡ ಹಳೆಯದು, ಬೆಳವಣಿಗೆಯ ಹಂತದ ಲೆಕ್ಕದಲ್ಲಿ ಬುಡವೇ ಎಳೆಯದು. ಹೂ ಕಾಯಿ ಬಿಡುವ ಪ್ರಾಯ ಬಂದಿರುವುದು ಮೇಲಿನ ಕೊಂಬೆಗಳಿಗೆ.

ಕಸಿ ಕಟ್ಟುವವರಿಗೆ ಇದೇ ದಾರಿದೀಪ. ಬೇಗ ಹಣ್ಣು ಬೇಕಿದ್ದರೆ ಕಸಿಕಡ್ಡಿಯನ್ನು ಕಾಯಿ ಬಿಡುವ ಕೊಂಬೆಯ ತುದಿಯಿಂದಲೇ ತರಿಸಬೇಕು. ಕೈಗೆಟುಕುತ್ತದೆಂದು ಬುಡದ ಚಿಗುರನ್ನು ಕೊಯ್ದು ತಂದರೆ ಎಳೆಗಿಡಕ್ಕೆ ಎಳೆಗಿಡವನ್ನೇ ಕಟ್ಟಿದಂತೆ. ಮರ ಹತ್ತುವವರ ಕೂಲಿ ಹೆಚ್ಚಾದರೂ ಇಲ್ಲಿ ಜಿಪುಣತನ ಸಲ್ಲದು. ಆರಿಸಿದ ಕಡ್ಡಿಯ ಎಲೆಗಳನ್ನು ಒಂದು ವಾರ ಮೊದಲೇ, ತೊಟ್ಟು ಉಳಿಸಿ, ಮರದಲ್ಲಿಯೇ ಕತ್ತರಿಸಿಡುತ್ತೇವೆ, ಮೊಗ್ಗು ಉಬ್ಬುತ್ತದೆ. ಬೀಜದಿಂದ ಮಾಡಿದ ಹೆಬ್ಬಲಸಿನ ಗಿಡಕ್ಕೇ ಮೃದುಕಾಂಡ ಕಸಿ, ಎಂದರೆ ಗಿಡದ ಎಳೆ ಕಾಂಡವನ್ನು ಸೀಳಿ ಅದರೊಳಗೆ ಕಡ್ಡಿ ಕೂರಿಸುವುದು. ಕೊಯ್ದ ಕೂಡಲೇ ಹಾಲು ಉಕ್ಕುತ್ತದೆ, ಅದನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಸರುವುದು ನಿಂತ ಮೇಲೆ ಬೆಣೆಯಂತೆ ಕೆತ್ತಿದ ಕಡ್ಡಿಯನ್ನು ಕೂರಿಸಿ ಪ್ಲಾಸ್ಟಿಕ್ ಪಟ್ಟಿ ಬಿಗಿಯುತ್ತೇನೆ. ಮೇಲೆ ಟೊಪ್ಪಿಯಂತೆ ಒಂದು ತೊಟ್ಟೆ, ನೆರಳು.

ಆಮೇಲೆ ಎಲೆಯೇ ಲೆಕ್ಕ ಒಪ್ಪಿಸುತ್ತದೆ. ಕಸಿ ಕೂಡಿದ ಗಂಟಿನ ಕೆಳಗಿನಿಂದ ಸೀಳೆಲೆಯ ಚಿಗುರು ಬಂದರೆ ಅದು ಬುಡದ ಗಿಡದ್ದು, ಚಿವುಟಿ ತೆಗೆಯಬೇಕು. ಮಾವಿನ ಕಸಿಯಲ್ಲಿ ಯಾವುದು ಯಾರ ಚಿಗುರೆಂದು ಗಂಟು ಹುಡುಕಿ ಬಗ್ಗಿ ನೋಡಬೇಕು. ಇಲ್ಲಿ ನಡೆದು ಹೋಗುವಾಗಲೇ ಕಣ್ಣಿಗೆ ಬೀಳುತ್ತದೆ. ಕಸಿಗಿಡ ಎಂದು ಮಾರುವವರಿಂದ ಕೊಳ್ಳುವಾಗಲೂ ಇದನ್ನೇ ನೋಡಿ. ನೆತ್ತಿಯಲ್ಲೆಲ್ಲ ಆಳವಾದ ಸೀಳೆಲೆಯೇ ತುಂಬಿದ್ದರೆ ನಾನಂತೂ ದುಡ್ಡು ಕೊಡುವುದಿಲ್ಲ.

ಎಲ್ಲ ಗಿಡಕ್ಕೂ ಕಸಿ ಬೇಕೆಂದಿಲ್ಲ. ದಾರಂದಕ್ಕೆ, ಬಾಗಿಲಿಗೆ, ದೋಣಿಗೆ ಹೆಸರಾದ, ಗೆದ್ದಲಿಗೆ ಸುಲಭಕ್ಕೆ ಬಗ್ಗದ ಮರ ಇದು. ಆ ನೇರ ಕಾಂಡ ಬೀಜದ ಗಿಡಕ್ಕೇ ಚೆನ್ನ. ಅವು ನಮ್ಮಲ್ಲಿ ಗುಡ್ಡೆಯ ಅಂಚಿಗೆ, ಕಸಿಯವು ತೋಟದ ಬದಿಗೆ. ಹಂಚಿನ ಮಾಡಿನ ಹತ್ತಿರ ಮಾತ್ರ ಎರಡನ್ನೂ ನೆಡುವುದಿಲ್ಲ: ಹಣ್ಣಾಗುವ ಕಾಲಕ್ಕೆ ಮಂಗಗಳ ಹಿಂಡು ಮಾಡಿನ ಮೇಲೆಯೇ ಓಡಾಡುತ್ತದೆ.