ಮಗು ಅಂಬೆಗಾಲಿಡುವ ಮೊದಲು ಮನೆಯಲ್ಲಿ ಮಾಡಬೇಕಾದದ್ದು

ಸರ್ಕಾರಿ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದವಳು ನಾನು. ಮೈ ಸುಟ್ಟುಕೊಂಡು, ಸೀಮೆಎಣ್ಣೆ ಕುಡಿದು, ಉಸಿರು ಕಟ್ಟಿ ಬರುತ್ತಿದ್ದ ಪುಟ್ಟ ಮಕ್ಕಳಲ್ಲಿ ಹೆಚ್ಚಿನವರಿಗೆ ಹಾಗಾದದ್ದು ಮನೆಯೊಳಗೇ, ದೊಡ್ಡವರು ನಾಲ್ಕು ಹೆಜ್ಜೆ ದೂರದಲ್ಲಿದ್ದಾಗಲೇ. ಆ ತಾಯಂದಿರಲ್ಲಿ ಯಾರೂ ಬೇಜವಾಬ್ದಾರಿಯವರಾಗಿರಲಿಲ್ಲ. ಹಾಲು ಉಕ್ಕುತ್ತದೆ, ಬಾಗಿಲಲ್ಲಿ ಸಿಲಿಂಡರಿನವನು ಕೂಗುತ್ತಾನೆ, ಕಣ್ಣು ತಪ್ಪುತ್ತದೆ. ಕಣ್ಣು ತಪ್ಪಿದಾಗಲೂ ಮಗುವಿಗೆ ಏನೂ ಆಗದಂತೆ ಮನೆಯನ್ನು ಅಣಿಮಾಡಬೇಕು.

ಮಗು ಬೋರಲು ಬಿದ್ದ ಕೂಡಲೇ ಈ ಕೆಲಸಕ್ಕೆ ಕೈ ಹಾಕಿ. ಮೊದಲು ನೀವೇ ಮಂಡಿಯೂರಿ ಕೋಣೆಯಿಂದ ಕೋಣೆಗೆ ಹೋಗಿ. ದಿವಾನದ ಅಡಿಯಲ್ಲಿ ಉರುಳಿದ ಕಡಲೆಕಾಯಿ ಬೀಜ, ಟೇಬಲ್ಲಿನಿಂದ ಇಳಿಬಿದ್ದ ಇಸ್ತ್ರಿಪೆಟ್ಟಿಗೆಯ ವೈರು, ಅಜ್ಜನ ದಿಂಬಿನ ಪಕ್ಕದ ಬಿಪಿ ಮಾತ್ರೆ: ನಿಂತಾಗ ಕಾಣದ್ದೆಲ್ಲ ಆಗ ಕಾಣುತ್ತದೆ.

ನನಗೆ ಅತಿ ಹೆಚ್ಚು ಭಯವಿರುವುದು ನೀರಿನ ಬಗ್ಗೆ. ನಲ್ಲಿ ನೀರು ದಿನ ಬಿಟ್ಟು ದಿನ ಬರುವ ಊರುಗಳಲ್ಲಿ ಬಕೆಟ್ಟು, ಡ್ರಮ್ಮುಗಳನ್ನು ತುಂಬಿಡದೆ ವಿಧಿಯಿಲ್ಲ. ಆದರೆ ಒಂದು ವರ್ಷದ ಮಗುವಿಗೆ ದೇಹದ ಅಳತೆಗೆ ಹೋಲಿಸಿದರೆ ತಲೆಯ ಭಾರ ಹೆಚ್ಚು. ಬಕೆಟ್ಟಿಗೆ ಬಗ್ಗಿದರೆ ತಲೆಕೆಳಗಾಗಿ ಬೀಳುತ್ತದೆ, ಮತ್ತೆ ಏಳಲಾರದು, ಕೂಗಲೂ ಆರದು. ಕೆಲವೇ ಅಂಗುಲ ನೀರು ಸಾಕು. ಆದ್ದರಿಂದ ಬಚ್ಚಲುಮನೆಯ ಬಾಗಿಲಿಗೆ ಹೊರಗಿನಿಂದ, ಎತ್ತರದಲ್ಲಿ ಒಂದು ಚಿಲಕ ಹಾಕಿಸಿ. ಡ್ರಮ್ಮಿಗೆ ಬಿಗಿ ಮುಚ್ಚಳವಿರಲಿ, ಖಾಲಿ ಬಕೆಟ್ಟನ್ನು ಬೋರಲು ಹಾಕಿ. ಸಂಪಿನ ಮುಚ್ಚಳಕ್ಕೆ ಬೀಗ ಬೇಕೇ ಬೇಕು. ಟ್ಯಾಂಕರ್ ನೀರು ಬಿಡಿಸುವಾಗ ತೆರೆದರೆ ಒಬ್ಬರು ಅಲ್ಲಿಯೇ ನಿಂತು, ಮುಚ್ಚಿದ ಮೇಲೆಯೇ ಒಳಗೆ ಬರಬೇಕು.

ಸ್ನಾನಕ್ಕೆ ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಹಾಕಿ. ನೀರು ಕಾಯಿಸುವ ಹೀಟರ್ ರಾಡ್ ಬಳಸುವ ಮನೆಯಾದರೆ ಸ್ವಿಚ್ ಹಾಕಿದೊಡನೆ ಬಚ್ಚಲಿನ ಚಿಲಕ ಹಾಕಿ. ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಬೇಕು. ಮೇನ್ ಬೋರ್ಡಿನಲ್ಲಿ, ಕರೆಂಟ್ ಸೋರಿದರೆ ತಾನಾಗಿಯೇ ಕಡಿದುಹಾಕುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯೇ ಎಂದು ಎಲೆಕ್ಟ್ರಿಷಿಯನ್‌ನನ್ನು ಕೇಳಿ. ಇಲ್ಲದಿದ್ದರೆ ಬೇರೆ ಖರ್ಚು ತಡೆಹಿಡಿದಾದರೂ ಹಾಕಿಸಿ.

ನಮ್ಮ ವಾರ್ಡಿಗೆ ಬರುತ್ತಿದ್ದ ಸುಟ್ಟ ಗಾಯಗಳಲ್ಲಿ ಬೆಂಕಿಯಿಂದಾದವು ಕಡಿಮೆ, ಸಾರು, ಗಂಜಿ, ಚಹಾದಿಂದಾದವೇ ಹೆಚ್ಚು. ನೆಲದ ಮೇಲೆ ಊಟಕ್ಕೆ ಕೂರುವ ಮನೆಗಳಲ್ಲಿ ಸಾರಿನ ಪಾತ್ರೆಯನ್ನು ನಡುವೆ ಇಟ್ಟು ಸೌಟಿಗೆಂದು ಎದ್ದು ಹೋಗುತ್ತಾರೆ. ಮಗು ಅಂಚು ಹಿಡಿದು ನಿಲ್ಲಲು ನೋಡುತ್ತದೆ, ಪಾತ್ರೆ ಮಗುಚುತ್ತದೆ. ಪಾತ್ರೆ ಕಟ್ಟೆಯ ಮೇಲೆಯೇ ಇರಲಿ, ಬಡಿಸುವವರು ಒಬ್ಬರೇ ಇರಲಿ. ಅನ್ನ ಬಸಿಯುವಾಗ ಅಡುಗೆಮನೆಯ ಹೊಸ್ತಿಲಿಗೆ ಅಡ್ಡಪಟ್ಟಿ ಇಟ್ಟುಕೊಳ್ಳಿ. ಮಗುವನ್ನು ಕಂಕುಳಲ್ಲಿಟ್ಟುಕೊಂಡು ಚಹಾ ಕುಡಿಯುವ ಅಭ್ಯಾಸವನ್ನು ಇಂದೇ ಬಿಡಿ. ಸುಟ್ಟರೆ ಒದ್ದೆ ಬಟ್ಟೆ ತೆಗೆದು (ಚರ್ಮಕ್ಕೆ ಅಂಟಿದ್ದರೆ ಎಳೆಯಬೇಡಿ) 20 ನಿಮಿಷ ನಲ್ಲಿಯ ನೀರು ಹರಿಸಿ, ಮೈಯ ಉಳಿದ ಭಾಗವನ್ನು ಬೆಚ್ಚಗೆ ಹೊದಿಸಿ. ಟೂತ್‌ಪೇಸ್ಟ್, ಶಾಯಿ, ತುಪ್ಪ, ಐಸ್ ಯಾವುದೂ ಬೇಡ. ಪೇಸ್ಟ್ ಬಳಿದುಕೊಂಡು ಬಂದ ಗಾಯವನ್ನು ನಾವು ಒರೆಸಿ ತೆಗೆಯುವಾಗ ಮಗು ಪಡುತ್ತಿದ್ದ ನೋವನ್ನು ಕಂಡವರು ಇನ್ನೆಂದೂ ಹಚ್ಚಲಾರರು.

ಫಿನಾಯಿಲ್, ಆಸಿಡ್, ಸೀಮೆಎಣ್ಣೆಯನ್ನು ಜ್ಯೂಸಿನ ಬಾಟಲಿಯಲ್ಲಿ ಎಂದಿಗೂ ತುಂಬಿಡಬೇಡಿ. ದೇವರ ಮನೆಯ ಕರ್ಪೂರವನ್ನು ಬಹಳ ಜನ ವಿಷವೆಂದು ಎಣಿಸುವುದೇ ಇಲ್ಲ. ಪುಟ್ಟ ಮಗು ಅದನ್ನು ನುಂಗಿದರೆ ಫಿಟ್ಸ್ ಬರಬಹುದು. ಬಸುರಿ, ಬಾಣಂತಿಯರಿಗೆ ಕೊಡುವ ಕಬ್ಬಿಣಾಂಶದ ಮಾತ್ರೆಗಳನ್ನು ಮಕ್ಕಳು ಪೆಪ್ಪರಮೆಂಟೆಂದು ತಿನ್ನುತ್ತಾರೆ, ಜೀವಕ್ಕೇ ಸಂಚಕಾರ ಬರುತ್ತದೆ. ಇವೆಲ್ಲ ಬೀಗವಿರುವ ಕಪಾಟಿನಲ್ಲಿರಲಿ. ಏನೇ ಕುಡಿದಿದ್ದರೂ ವಾಂತಿ ಮಾಡಿಸಬೇಡಿ. ಸೀಮೆಎಣ್ಣೆ ಕುಡಿದಾಗಲಂತೂ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. 108ಕ್ಕೆ ಕರೆ ಮಾಡಿ, ಬಾಟಲಿಯನ್ನೂ ಜೊತೆಗೆ ತನ್ನಿ.

ಕಡಲೆಕಾಯಿ ಬೀಜ, ಹುರಿಗಡಲೆ, ಕೊಬ್ಬರಿ ಚೂರುಗಳನ್ನು ನಾಲ್ಕು ವರ್ಷ ತುಂಬುವವರೆಗೆ ಇಡಿಯಾಗಿ ಕೊಡಬೇಡಿ. ರಿಮೋಟು, ಆಟಿಕೆಗಳ ಬಿಲ್ಲೆಯಂಥ ಬ್ಯಾಟರಿ ಗಂಟಲಲ್ಲಿ ಸಿಕ್ಕರೆ ಎರಡು ಗಂಟೆಯೊಳಗೆ ಅನ್ನನಾಳವನ್ನು ಸುಡಬಲ್ಲದು. ನುಂಗಿದ ಅನುಮಾನವಿದ್ದರೂ ಎಕ್ಸ್‌ರೇಗೆ ಓಡಿ. ಒಂದು ವರ್ಷದೊಳಗಿನ ಕೂಸಿಗೆ ಉಸಿರು ಕಟ್ಟಿ ಅಳಲೂ ಆಗದಿದ್ದರೆ ಮುಂಗೈ ಮೇಲೆ ತಲೆ ತಗ್ಗಾಗುವಂತೆ ಬೋರಲು ಹಾಕಿ, ಹೆಗಲುಗಳ ನಡುವೆ ಅಂಗೈ ಬುಡದಿಂದ 5 ಪೆಟ್ಟು ಕೊಡಿ. ಹೊರಬರದಿದ್ದರೆ ಅಂಗಾತ ತಿರುಗಿಸಿ ಎದೆಮೂಳೆಯ ಮೇಲೆ 5 ಬಾರಿ ಒತ್ತಿ, ಮತ್ತೆ ಬೆನ್ನಿಗೆ. ಕಾಣದ ವಸ್ತುವಿಗೆ ಬಾಯೊಳಗೆ ಬೆರಳು ಹಾಕಬೇಡಿ, ಅದು ಇನ್ನೂ ಒಳಕ್ಕೆ ಹೋಗುತ್ತದೆ.

ಮಂಚವನ್ನು ಕಿಟಕಿಯಿಂದ ದೂರ ಸರಿಸಿ, ಟಿವಿ ಮತ್ತು ಕಪಾಟನ್ನು ಗೋಡೆಗೆ ಬಿಗಿಸಿ.

ಹಬ್ಬಕ್ಕೆ ಊರಿಗೆ ಹೊರಡುವ ಮುನ್ನ ಅಲ್ಲಿಗೂ ಫೋನ್ ಮಾಡಿ. ಬಾವಿಕಟ್ಟೆಯ ಎತ್ತರ, ಹಂಡೆಯ ಒಲೆ, ಕೊಟ್ಟಿಗೆಯ ಕಲಗಚ್ಚಿನ ಬಾನಿ, ಜಗುಲಿಯ ಮೂಲೆಯ ಕೀಟನಾಶಕದ ಡಬ್ಬಿ, ಇಲಿ ಪಾಷಾಣ ಎಲ್ಲವನ್ನೂ ಹೆಸರು ಹಿಡಿದು ಕೇಳಿ. ಅತ್ತೆ ಮಾವ ಏನೆಂದುಕೊಳ್ಳುತ್ತಾರೋ ಎಂಬ ಸಂಕೋಚ ಬೇಡ. ಹೋದ ದಿನ, ಮಗುವನ್ನು ನೆಲಕ್ಕೆ ಬಿಡುವ ಮೊದಲು, ಅಲ್ಲಿಯೂ ಒಮ್ಮೆ ಮಂಡಿಯೂರಿ ಸುತ್ತಿ ಬನ್ನಿ.